ನಾನು ಅಳಿಸಿದ ಹೆಸರು

ಸೋಮವಾರ, ಬೆಳಿಗ್ಗೆ ಆರೂವರೆ, ಬೈಲಹೊಂಗಲದ ನಮ್ಮ ಮನೆ. ಹಾಜರಿದ್ದವರು ನಾನು, ನನ್ನ ಹೆಂಡತಿ ಶಾಂತವ್ವ. ರೇಷ್ಮಾ, ಮೊದಲೇ ಹೇಳಿಬಿಡುತ್ತೇನೆ — ಎರಡು ವರ್ಷದಿಂದ ನಿನ್ನ ಸುದ್ದಿಗಳನ್ನು ಕದಿಯುತ್ತಿದ್ದವನು ನಾನು.

ನೀನು ಯರಗಟ್ಟಿಯಿಂದ ನಡೆಸುವ ಮೊಬೈಲ್ ಪತ್ರಿಕೆಗೆ ನನ್ನ ಗೆಳೆಯ ಈರಪ್ಪ ಚಂದಾದಾರ. ಅವನು ದಿನವೂ ನಿನ್ನ ಬರಹ ನನಗೆ ಕಳಿಸುತ್ತಿದ್ದ. ನಾನು ನಿನ್ನ ಹೆಸರನ್ನೂ 'ಚಂದಾದಾರರಾಗಿ' ಎಂಬ ಸಾಲನ್ನೂ ಅಳಿಸಿ, ಕೆಳಗೆ 'ಸಂಗ್ರಹ' ಎಂದು ನನ್ನ ಹೆಸರು ಹಾಕಿ, ನಿವೃತ್ತ ಶಿಕ್ಷಕರ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದೆ. ಶಹಬ್ಬಾಸ್ ನನಗೆ ಬರುತ್ತಿತ್ತು. ಎಂಟನೇ ತರಗತಿಯಲ್ಲಿ ನೀನು ಪ್ರಾರ್ಥನೆಯ ವೇಳೆ ಪತ್ರಿಕೆಯ ಹೆಸರು ಹೇಳದೆ ವಾರ್ತೆ ಓದಿದಾಗ, ಮೊದಲಿನಿಂದ ಮತ್ತೆ ಓದಿಸಿದ ಮೇಷ್ಟ್ರು — ನಾನೇ.

ಹೋದ ವರ್ಷ ನೀನು ಮನೆಗೆ ಬಂದೆ. "ಚಂದಾ ಸಾಲವಲ್ದು ಸರ್. ರಾಮದುರ್ಗದ ಸುದ್ದಿ ನಿಲ್ಲಸಬೇಕಾಗೇತಿ. ನೀವೊಬ್ರು ಚಂದಾದಾರ ಆಗ್ರಿ, ಉಳದವ್ರು ತಾವ ಬರತಾರ."

"ಮೊಬೈಲ್ ಪೇಪರ್ ನನಗೆಲ್ಲಿ ತಿಳಿತೈತಿ ಬಿಡವಾ."

"ತಿಳಿಯಂಗಿಲ್ಲ ಅನ್ನೂ ಮಾತು ನಿಮ್ಮ ಬಾಯಾಗ ಇದ ಮೊದಲ ಕೇಳಿದ್ದು ಸರ್!" ಎಂದು ನೀನು ನಕ್ಕು ಹೋದೆ. ಅಂದು ಬೆಳಿಗ್ಗೆಯಷ್ಟೇ ನಿನ್ನ ಬರಹಕ್ಕೆ ನನ್ನ ಹೆಸರು ಹಚ್ಚಿದ್ದೆ. ರಾಮದುರ್ಗದ ಸುದ್ದಿ ನಿಂತೇ ಹೋಯಿತು.

ಸವದತ್ತಿಯ ಕಣ್ಣಿನ ಶಿಬಿರ ನಿಗದಿಗಿಂತ ಒಂದು ವಾರ ಮೊದಲೇ ನಡೆಯುವ ಸಂಗತಿ ನಿನ್ನ ಪತ್ರಿಕೆಯಲ್ಲಿ ಮಾತ್ರ ಬಂದಿತ್ತು. ಅದನ್ನು ಓದಿಯೇ ಶಾಂತವ್ವನನ್ನು ಕರೆದೊಯ್ದೆ. ಪೊರೆ ತೆಗೆದರು. ಎಷ್ಟೋ ದಿನದ ಮೇಲೆ ಇಂದು ಬೆಳಿಗ್ಗೆ ಆರೂವರೆಗೆ ಅವಳು ನನ್ನ ಫೋನು ತೆಗೆದುಕೊಂಡು ತಾನೇ ಓದಿದಳು — ಈರಪ್ಪ ಕಳಿಸಿದ್ದನ್ನೂ, ನಾನು ಗುಂಪಿಗೆ ಹಾಕಿದ್ದನ್ನೂ.

"ಇದು ನಮ್ಮ ರೇಷ್ಮಾ ಬರದದ್ದಲ್ರೀ? ಕೆಳಗ ನಿಮ್ಮ ಹೆಸರ್ಯಾಕ?"

ಅವಳಿಗೆ ಆ ಅಕ್ಷರ ಕಾಣುವಂತೆ ಮಾಡಿದವಳು ನೀನು. ಆ ಉಪಕಾರ ದೊಡ್ಡದು ರೇಷ್ಮಾ. ಅದನ್ನು ಪಡೆದ ಮೇಲೂ ನಿನ್ನ ಹೆಸರು ಅಳಿಸುತ್ತಲೇ ಇದ್ದೆ.

ಸಂಜೆ ಐದಕ್ಕೆ ಗುಂಪಿನಲ್ಲಿ ಎಲ್ಲವನ್ನೂ ಬರೆದೆ. ರಾಮದುರ್ಗದ ಹಳೆಯ ಸಹೋದ್ಯೋಗಿಯೊಬ್ಬರು ತಕ್ಷಣ ಕೇಳಿದರು: "ಅಂದ್ರ ನಮ್ಮೂರ ಸುದ್ದಿ ನಿಲ್ಲಿಸಿದವ್ರು ನೀವ ಏನ್ರಿ ಸರ್?"

ಹೌದು ಎಂದು ಬರೆದೆ.

ಆರಕ್ಕೆ ಈ ಪತ್ರ ನಿನಗೆ ಕಳಿಸುತ್ತೇನೆ. ಅದಕ್ಕೂ ಮುಂಚೆ, ಈಗಷ್ಟೇ, ಒಂದು ವರ್ಷದ ಚಂದಾ ಕಟ್ಟಿ ಮುಗಿಸಿದೆ. ಚಂದಾದಾರರ ಹೆಸರಿನ ಜಾಗದಲ್ಲಿ ಶಾಂತವ್ವನದನ್ನು ಬರೆದಿದ್ದೇನೆ.