ಗೋಣಿಚೀಲ ತಂದವನ ಬಿಳಿ ಬೆಕ್ಕು

ನಾನು ಓದು ನಿಲ್ಲಿಸಿದ್ದು ೧೯೯೧ರಲ್ಲಿ, ಎಂಟನೇ ತರಗತಿ ಮುಗಿಯುವ ಮೊದಲೇ. ಶಿರಾದಲ್ಲಿ ಕಡಲೆಕಾಯಿ ಮೂಟೆ ಹೊತ್ತೆ, ಆಮೇಲೆ ತೂಗಿದೆ, ಈಗ ನನ್ನದೇ ಮಂಡಿಯಿದೆ. ನನ್ನ ಷಡ್ಡಕ, ಎಂದರೆ ನಾದಿನಿಯ ಗಂಡ, ಮಧುಗಿರಿಯಲ್ಲಿ ಎರಡು ಡಿಗ್ರಿ ಇಟ್ಟುಕೊಂಡಿದ್ದಾನೆ. ಜೊತೆಗೊಂದು ಬಿಳಿ ಬೆಕ್ಕನ್ನೂ ಸಾಕಿದ್ದ. ಅದು ಪೊಟ್ಟಣದ ಊಟವನ್ನಷ್ಟೇ ತಿನ್ನುತ್ತಿತ್ತು; ಇಲಿ ಕಂಡರೆ ಸೋಫಾ ಹತ್ತುತ್ತಿತ್ತು.

ನನ್ನ ಮಂಡಿಯದು ಬೂದು ಬೆಕ್ಕು. ಕ್ಯಾತಗಾನಚೆರ್ಲು ಊರಿಂದ ಬಂದ ಲಾರಿಯಲ್ಲಿ ಮೂಟೆಗಳ ಸಂದಿನಲ್ಲಿ ಕೂತು ತಾನಾಗಿಯೇ ಬಂದದ್ದು. ಬಿತ್ತನೆಬೀಜ ಇಲಿಗಳ ಪಾಲಾಗದೆ ಉಳಿದಿರುವುದು ಅದರಿಂದಲೇ.

ದೀಪಾವಳಿಗೆ ನನ್ನ ಹೆಂಡತಿ ತಂಗಿಯ ಮನೆಗೆ ಹೋಗಿಬಂದಳು. ಅಲ್ಲಿ ಬಿಳಿಯದು ಅವಳ ಕೈ ಪರಚಿತು, ವಾಪಸು ಬಂದ ಮೇಲೆ ಇಲ್ಲಿ ಬೂದು ಬಣ್ಣದ್ದು. ಕೆಲವು ವಾರ ಕಳೆದ ಮೇಲೆ ಕಂಕುಳಲ್ಲಿ ನೆಲ್ಲಿಕಾಯಿಯಷ್ಟು ಗಂಟು, ಮೈಯಲ್ಲಿ ಜ್ವರ. ಕ್ಯಾನ್ಸರೋ ಏನೋ ಎಂದು ನಾವು ಹೆದರಿದೆವು. ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ, "ಹೆದರ್ಬೇಡಿ, ಬೆಕ್ಕು ಪರಚಿದ್ರೆ ಬರೋ ಸೋಂಕು, ಇಳಿಯುತ್ತೆ" ಎಂದರು. ನಮಗೆ ಜೀವ ಬಂತು, ಬೆಕ್ಕಿನ ಜೀವಕ್ಕೆ ಕುತ್ತು ಬಂತು.

ಮರುದಿನವೇ ಷಡ್ಡಕ ಗೋಣಿಚೀಲ ಹಿಡಿದು ಹಾಜರಾದ. ಬೇಡದ ಬೆಕ್ಕನ್ನು ಚೀಲಕ್ಕೆ ಹಾಕಿ, ದಿಕ್ಕು ತಪ್ಪಲೆಂದು ಗರಗರ ತಿರುಗಿಸಿ, ಹಳ್ಳ ದಾಟಿಸಿ ಬಿಟ್ಟುಬರುವುದು ನಮ್ಮ ಕಡೆಯ ಪದ್ಧತಿ.

"ಅಣ್ಣ, ನಿನ್ ಮಂಡಿ ಬೆಕ್ಕೇ ಮಾಡಿರೋದು. ಬರಗೂರಿನಾಚೆ ಬುಟ್ಬತ್ತೀನಿ."

"ಅದೇ ಅಂತ ಹೆಂಗ್ ಹೇಳ್ತೀಯಾ?"

"ಬೀದಿ ಬೆಕ್ಕು ಕಣಣ್ಣ. ನಮ್ದು ಜಾತಿ ಬೆಕ್ಕು, ಸರ್ಟಿಫಿಕೇಟ್ ಐತೆ."

"ಉಗುರಿಗೂ ಕೊಟ್ಟವ್ರಾ ಸರ್ಟಿಫಿಕೇಟು?" ಎಂದು ಹಾಸಿಗೆಯಿಂದಲೇ ಹೆಂಡತಿ ಕೇಳಿದಳು.

ನಾನು ಡಾಕ್ಟರಮ್ಮನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ. "ಆ ಬ್ಯಾಕ್ಟೀರಿಯಾದಲ್ಲೇ ಬೇರೆಬೇರೆ ತಳಿ ಇವೆ. ಬೆಕ್ಕುಗಳಲ್ಲಿ ಸಾಮಾನ್ಯವಾಗಿ ಸಿಗೋ ತಳಿನೇ ರೋಗಿಗಳಲ್ಲೂ ಹೆಚ್ಚಾಗಿ ಸಿಗಬೇಕು ಅಂತಿಲ್ಲ. ಒಂದೇ ಬೆಕ್ಕಲ್ಲಿ ಎರಡು ತಳಿ ಇದ್ರೂ ಇರಬಹುದು, ಬೆಕ್ಕು ಮಾತ್ರ ಆರಾಮಾಗಿರುತ್ತೆ. ಬಣ್ಣ, ಬೆಲೆ ನೋಡಿ ಹೇಳೋಕಾಗಲ್ಲ. ಬೆಕ್ಕಿಂದ ಬೆಕ್ಕಿಗೆ ಸೋಂಕು ಹರಡೋದು ಚಿಗಟದಿಂದ. ಮೊದಲು ಅದನ್ನ ನೋಡಿ."

ಮಂಡಿಯಲ್ಲಿ ನಾನು ಸಿಪ್ಪೆ ನೋಡಿ ಕಡಲೆಕಾಯಿ ಕೊಳ್ಳುವವನಲ್ಲ. ಒಡೆದು, ಬೀಜ ನೋಡಿಯೇ ಬೆಲೆ ಹೇಳುವುದು. "ನಿನ್ ಬೆಕ್ಕನ್ನೂ ತತ್ತಾ, ಎರಡನ್ನೂ ಬಾಚಿ ನೋಡಾನ" ಎಂದೆ.

ಭಾನುವಾರ ಬಿಳಿ ಬೆಕ್ಕು ಬುಟ್ಟಿಯಲ್ಲಿ ಕೂತು ಶಿರಾಕ್ಕೆ ಬಂತು. ಡಾಕ್ಟರಮ್ಮ ಹೇಳಿಕೊಟ್ಟಂತೆ ಹೇನಿನ ಬಾಚಣಿಗೆಯಿಂದ ಬಾಚಿ, ಉದುರಿದ ಕಪ್ಪು ಪುಡಿಯನ್ನು ಒದ್ದೆ ಬಿಳಿ ಬಟ್ಟೆಯ ಮೇಲೆ ಹಾಕಿದೆವು. ಚಿಗಟದ ಹಿಕ್ಕೆಯಾದರೆ ಅದು ರಕ್ತದ ಬಣ್ಣಕ್ಕೆ ತಿರುಗುತ್ತದೆ. ನನ್ನ ಬೆಕ್ಕಿನ ಬಟ್ಟೆಯಲ್ಲಿ ಅಲ್ಲೊಂದು ಇಲ್ಲೊಂದು ಕೆಂಪು ಚುಕ್ಕೆ ಎದ್ದಿತು. ಸರ್ಟಿಫಿಕೇಟಿನ ಬೆಕ್ಕಿನ ಬಟ್ಟೆ ಎಲೆಅಡಿಕೆ ಉಗಿದಂತಾಯಿತು.

ಷಡ್ಡಕ, "ಇದ್ರಿಂದ ಏನೂ ಸಾಬೀತಾಗಲ್ಲ" ಎಂದ. ಮಾತು ನಿಜವೇ. ಹೆಂಡತಿಗೆ ತಗುಲಿದ ತಳಿ ಯಾವ ಬೆಕ್ಕಿನದೆಂದು ದೊಡ್ಡ ಲ್ಯಾಬಿನವರೇ ಹೇಳಬೇಕು. ಆದರೆ ನಾದಿನಿ ಅಷ್ಟು ಕಾಯಲಿಲ್ಲ. ವಿಷಯ ತಿಳಿದದ್ದೇ ಗಂಡನಿಗೆ ಫೋನಿನಲ್ಲೇ ಕೂಗಿದಳು: "ಆ ಚಿಗಟದ್ ಮೂಟೆ ಮನೆಗ್ ತರೋದಾದ್ರೆ ನೀವೂ ಅದ್ರ ಜೊತೇಲೆ ಅಲ್ಲೇ ಇದ್ಬುಡಿ!"

ಅವನು ಖಾಲಿ ಬುಟ್ಟಿ ಹಿಡಿದು ಮಧುಗಿರಿ ಬಸ್ಸು ಹತ್ತಿದ. ಸರ್ಟಿಫಿಕೇಟನ್ನು ಆಮೇಲೆ ಕಳಿಸಿಕೊಟ್ಟ. ಎರಡು ಬೆಕ್ಕುಗಳಿಗೂ ಚಿಗಟದ ಔಷಧಿ ಹಾಕಿಸಿದೆ. ಹೆಂಡತಿಯ ಗಂಟು ಇಳಿಯಿತು. ಅವನು ಬಿಟ್ಟುಹೋದ ಗೋಣಿಚೀಲದ ಮೇಲೆ ಈಗ ಬಿಳಿಯದು ಮಲಗುತ್ತದೆ. ಇಲಿ ಹಿಡಿಯುವುದು ಈಗಲೂ ಬೂದು ಬೆಕ್ಕೇ.

ಈಗ ನನ್ನ ಬಳಿ ಇರುವುದು: ಒಂದು ಮಂಡಿ, ಗುಣವಾದ ಹೆಂಡತಿ, ಎರಡು ಬೆಕ್ಕು, ಒಂದು ಹೇನಿನ ಬಾಚಣಿಗೆ, ಒಂದು ಗೋಣಿಚೀಲ, ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ ಒಂದು ಸರ್ಟಿಫಿಕೇಟು.