ಬಾಯಿ ಕಟ್ಟಿ ಹತ್ತಬೇಕಿದ್ದ ಬೆಟ್ಟ

ಪಂಚೆಯ ಅಂಚಿಗೂ ತೂಕವಿದೆ ಎಂಬುದು ನನಗೆ ಗೊತ್ತಾದದ್ದು ಬಲಗಾಲಿನ ಹೆಬ್ಬೆರಳು ಊದಿಕೊಂಡ ಮೇಲೆ. ಅಂಚು ತಗಲಿದರೆ ಸಾಕು, ಬೆರಳೊಳಗೆ ಯಾರೋ ಕೆಂಡ ಕೆದಕಿದಂತಾಗುತ್ತಿತ್ತು. ಹಳೆಯ ವೈದ್ಯಗ್ರಂಥಗಳಲ್ಲಿ ಈಗಿನವರು ಗೌಟ್ ಎನ್ನುವ ಈ ವಾತರಕ್ತಕ್ಕೆ ಆಢ್ಯವಾತ ಎಂಬ ಹೆಸರೂ ಇದೆಯಂತೆ. ಆಢ್ಯ ಎಂದರೆ ಸಿರಿವಂತ. ಕೊರಟಗೆರೆಯ ಕಚೇರಿಯಲ್ಲಿ ಬರೆಯುತ್ತ ಕೂರುವ, ಮುದ್ದೆ ಹುರುಳಿಸಾರಿನ ಗುಮಾಸ್ತನನ್ನು ಅದು ಹೇಗೆ ಹುಡುಕಿಕೊಂಡು ಬಂತೋ ತಿಳಿಯದು. ವಿಳಾಸ ತಪ್ಪಿರಬೇಕು.

ಮೊದಲು ಉಳುಕೆಂದುಕೊಂಡೆ. ಚಿಕ್ಕಂದಿನಲ್ಲಿ ಗರಡಿಗೆ ಹೋದವನು ನಾನು. ಮೈ ನೊಂದರೆ ಇನ್ನಷ್ಟು ಸಾಮು ಮಾಡಿ ನೋವನ್ನು ಓಡಿಸಬೇಕು ಎಂಬುದು ಅಲ್ಲಿಯ ನಂಬಿಕೆ. ಗೋಡೆ ಹಿಡಿದು ಬಸ್ಕಿ ಹೊಡೆದೆ. ನೋವು ಓಡಲಿಲ್ಲ, ನಾನೂ ಓಡುವ ಸ್ಥಿತಿಯಲ್ಲಿ ಉಳಿಯಲಿಲ್ಲ. ಗಾಡಿಯಲ್ಲಿ ಮಲಗಿಸಿ ಮಧುಗಿರಿಯ ಆಸ್ಪತ್ರೆಗೆ ಒಯ್ದರು.

“ರಕ್ತದಲ್ಲಿ ಯೂರಿಕ್ ಆಸಿಡ್ ಜಾಸ್ತಿಯಾಗಿ ಕೀಲಲ್ಲಿ ಹರಳುಗಟ್ಟಿದೆ,” ಎಂದರು ಡಾಕ್ಟರು. “ಬಾವು ಇರೋವರೆಗೆ ಕಾಲನ್ನ ದಿಂಬಿನ ಮೇಲಿಟ್ಟು ಸುಮ್ಮನಿರಿ. ಇಳಿದ ಮೇಲೆ ನಡೀಲೇಬೇಕು. ಆದರೆ ಸಮನಾದ ದಾರೀಲಿ, ಮಾತಾಡೋಕೆ ಉಸಿರು ಉಳಿಯೋ ಹಾಗೆ. ನೀರು ಧಾರಾಳವಾಗಿ ಕುಡೀರಿ. ಉಪವಾಸ ಬೇಡ.”

“ಗರಡಿ?”

“ಅದನ್ನ ನೆನಪಲ್ಲೇ ಮಾಡಿ.”

ಅಷ್ಟರಲ್ಲಿ ನನ್ನ ಹೆಂಡತಿ ಗೌರಮ್ಮ ಸಿದ್ದರಬೆಟ್ಟಕ್ಕೆ ಹರಕೆ ಹೊತ್ತಾಗಿತ್ತು. ಬೆರಳು ವಾಸಿಯಾದರೆ ಕಾರ್ತಿಕ ಸೋಮವಾರ ಇಬ್ಬರೂ ಬರಿಗಾಲಲ್ಲಿ, ಸ್ವಾಮಿಯ ದರ್ಶನವಾಗುವವರೆಗೆ ಹನಿ ನೀರೂ ಮುಟ್ಟದೆ, ಬೆಟ್ಟ ಹತ್ತುವುದೆಂದು. ಡಾಕ್ಟರು ಬೇಡವೆಂದದ್ದೆಲ್ಲ ಒಂದೇ ಹರಕೆಯೊಳಗೆ ಸೇರಿತ್ತು. ಬಾವು ಇಳಿಯಿತು. ಹತ್ತಿದರೆ ಕಾಲು ಹೋದೀತೆಂದು ನನಗೆ ಭಯ. ಹತ್ತದಿದ್ದರೆ ಕಾಲು ಹೋದೀತೆಂದು ಅವಳಿಗೆ ಭಯ. ಅವಳ ಭಯ ನೋಡಲಾರದೆ ಹೊರಟೆ.

ಬಂಡೆ ಬಿಸಿಲಿಗೆ ಕಾದಿತ್ತು. ಅರ್ಧ ದಾರಿಗೆ ಮೊದಲೇ ನಾಲಗೆ ಅಂಗುಳಕ್ಕೆ ಅಂಟಿತು. ಹಿಂದೆ ಬರುತ್ತಿದ್ದ ಕೊಡಿಗೇನಹಳ್ಳಿಯ ಹೆಂಗಸೊಬ್ಬಳು, “ಯಜಮಾನ್ರೇ, ವಸಿ ದಾರಿ ಬುಡಿ. ನಿಮ್ಮಿಂದೆ ಬಸವನಹುಳ ಬರ್ತಾ ಐತೆ, ಅದಾದ್ರೂ ಮುಂದಕ್ಕೋಗ್ಲಿ,” ಎಂದಳು. ನಗಲು ಹೋದೆ. ಆಗ ಹೆಬ್ಬೆರಳ ಬುಡದಲ್ಲಿ ಬಿಸಿ ಎದ್ದಿತು. ಬಂಡೆಯ ಬಿಸಿಯಲ್ಲ, ಒಳಗಿನದು. ಅದನ್ನು ನಾನು ಬಲ್ಲೆ. ಅಲ್ಲೇ ಪಕ್ಕಕ್ಕೆ ಸರಿದು ಕುಳಿತೆ.

ಗೌರಮ್ಮ ನನ್ನ ಮುಖ ನೋಡಿದಳು. ಹೂವು ಕಾಯಿಯ ಗಂಟು ಬಿಚ್ಚಿ, ಬಾಯಿಗೆ ಬಟ್ಟೆ ಕಟ್ಟಿದ್ದ ನೀರಿನ ಚೊಂಬನ್ನು ಅದರ ಅಡಿಯಿಂದ ತೆಗೆದಳು.

“ಕುಡೀರಿ.”

“ಹರಕೆ ಕಣೇ.”

“ಹರಕೆ ಹೊತ್ತೋಳು ನಾನು. ಬಾಯಿ ಕಟ್ಟೋದು ನನಗಿರ್ಲಿ.”

“ಸಿದ್ದಪ್ಪ ಮುನಿಸ್ಕೊಂಡ್ರೆ?”

“ನನ್ ಮೇಲೆ ಮುನಿಸ್ಕಳ್ಲಿ. ನಿಮ್ ಕಾಲ್ನ ಬುಟ್ಬುಡ್ಲಿ.”

ಕುಡಿದೆ. ಅವಳು ಮೇಲಕ್ಕೆ ಕೈಮುಗಿದು, ಆ ಹೆಂಗಸನ್ನೇ ಕೂಗಿ, ಸ್ವಾಮಿಗೆ ಒಡೆಸಲು ಕಾಯಿಯನ್ನು ಅವಳ ಕೈಗಿತ್ತು, ಇಳಿಯಲು ತಿರುಗಿದಳು.

ತಾನು ಮಾತ್ರ ನೀರು ಮುಟ್ಟಲಿಲ್ಲ, ದರ್ಶನವಾಗಿಲ್ಲವಲ್ಲ. ಅವಳ ಒಣಗಿದ ತುಟಿ ನೋಡಿ ಬೇಗ ಇಳಿಯೋಣವೆಂದು ದಾಪುಗಾಲು ಹಾಕಿದೆ. ಅವಳು ತಕ್ಷಣ ಬಂಡೆಯ ಮೇಲೆ ಕುಳಿತುಬಿಟ್ಟಳು. “ನಂಗೆ ಸುಸ್ತು. ನೀವೂ ವಸಿ ಕುಂತ್ಕಳಿ.” ನಾನು ಕಾಲು ಬೀಸಿದಾಗಲೆಲ್ಲ ಅವಳಿಗೆ ಸುಸ್ತಾಯಿತು. ಬೆಟ್ಟದ ಬುಡದ ಗುಡಿಯಲ್ಲಿ ತೀರ್ಥ ತೆಗೆದುಕೊಂಡ ಮೇಲೆಯೇ ಅವಳು ನೀರು ಕುಡಿದದ್ದು.

ಬೆರಳು ಅಲ್ಪಸ್ವಲ್ಪ ಊದಿ ಇಳಿಯಿತು. ಸ್ವಾಮಿಯ ದಯವೋ ಚೊಂಬಿನದೋ, ನಾವು ವಾದಕ್ಕೆ ಹೋಗಿಲ್ಲ. ವ್ಯಾಯಾಮವನ್ನು ಅರ್ಧಶಕ್ತಿಗೇ ನಿಲ್ಲಿಸಬೇಕೆಂದು ಆ ಹಳೆಯ ವೈದ್ಯಗ್ರಂಥಗಳೂ ಹೇಳುತ್ತವಂತೆ. ಆ ಅರ್ಧ ಎಲ್ಲಿಗೆ ಮುಗಿಯಿತೆಂದು ನಡೆಯುವವನಿಗೆ ತಿಳಿಯುವುದೇ ಕಷ್ಟ. ಈಗ ಸಂಜೆ ಹೊತ್ತು ಕೆರೆ ಏರಿಯ ಮೇಲೆ ಇಬ್ಬರೂ ನಡೆಯುತ್ತೇವೆ. ರಾಗಿ ಬೀಸಿ, ನೀರು ಸೇದಿ ಗಟ್ಟಿಯಾದ ಮೈ ಅವಳದು. ಆದರೂ ದಣಿವು ಯಾವಾಗಲೂ ನನಗಿಂತ ಒಂದು ಗಳಿಗೆ ಮೊದಲೇ ಅವಳಿಗೆ ಬರುತ್ತದೆ. ಹೇಗೆಂದು ನಾನು ಕೇಳುವುದಿಲ್ಲ. ಪಕ್ಕದಲ್ಲಿ ಕುಳಿತು, ಸ್ವಲ್ಪ ಸುಧಾರಿಸಿಕೋ ಎನ್ನುತ್ತೇನೆ.