ಅಂಜಿನಯ್ಯನ ಹೆಸರಿಗೆ ಬರೆದ ಮೂರು ಅಪಘಾತ

ಅಂಜಿನಯ್ಯ ಇಪ್ಪತ್ತೆಂಟು ವರ್ಷ ಲಾರಿ ಓಡಿಸಿದ. ಅಷ್ಟು ವರ್ಷದಲ್ಲಿ ಒಂದು ನಾಯಿಗೂ ತಾಗಿಸಲಿಲ್ಲ. ಕಾಗದದಲ್ಲಿ ಮಾತ್ರ ಅವನ ಹೆಸರಿಗೆ ಮೂರು ಅಪಘಾತಗಳಿವೆ. ಅದು ಹೇಗಾಯಿತು ಎಂಬುದು ನನಗೆ ಗೊತ್ತು, ಏಕೆಂದರೆ ಕಾಮಾಕ್ಷಿಪಾಳ್ಯದ ಆ ಲಾರಿ ಶೆಡ್ಡಿನಲ್ಲಿ ಗೇಟಿನ ಪುಸ್ತಕ ಬರೆಯುವವಳು ನಾನು.

ಮೊದಲು ನನ್ನ ಯಜಮಾನರು ಅಲ್ಲಿ ಕಾವಲಿಗಿದ್ದರು. ಅವರು ತೀರಿಕೊಂಡ ಮೇಲೆ ಮಾಲೀಕರಾದ ಚನ್ನವೀರೇಶ್ ಆ ಕೆಲಸವನ್ನು ನನಗೇ ಕೊಟ್ಟರು. ಗುಡಿಸಬೇಕು, ಟೀ ಕಾಯಿಸಬೇಕು, ಯಾವ ಲಾರಿ ಯಾರ ಕೈಯಲ್ಲಿ ಎಷ್ಟು ಗಂಟೆಗೆ ಹೋಯಿತು, ಎಷ್ಟಕ್ಕೆ ಬಂತು ಎಂದು ಬರೆಯಬೇಕು. ನಾನು ಓದಿದ್ದು ಮೂರನೇ ಕ್ಲಾಸು. ನಿಧಾನವಾಗಿ ಬರೆಯುತ್ತೇನೆ, ತಪ್ಪು ಬರೆಯುವುದಿಲ್ಲ.

ಅಂಜಿನಯ್ಯ ಇಲ್ಲಿನ ವರ್ಕ್‌ಶಾಪುಗಳ ಕಬ್ಬಿಣದ ಸಾಮಾನನ್ನು ಹೊಸೂರಿಗೆ ಒಯ್ಯುತ್ತಿದ್ದ. ಸಿಟಿಯೊಳಗೆ ಲಾರಿ ಬಿಡುವ ಹೊತ್ತಾಗದೆ ಗಾಡಿ ಸ್ಟಾರ್ಟ್ ಮಾಡುತ್ತಿರಲಿಲ್ಲ. ಬೇರೆ ಡ್ರೈವರುಗಳು ಅವನಿಗೆ ಎತ್ತಿನಗಾಡಿ ಎಂದು ಹೆಸರಿಟ್ಟಿದ್ದರು.

“ಎತ್ತಿನಗಾಡಿ ಬಂತು, ದಾರಿ ಬಿಡ್ರೋ,” ಎನ್ನುತ್ತಿದ್ದರು.

“ಎತ್ತು ಯಾರಿಗಾದ್ರೂ ಗುದ್ದಿದ್ದು ನೋಡಿದೀರೇನ್ರೋ? ಗುದ್ದೋ ಕೋಣಗಳು ನೀವೇ,” ಎಂದು ಹೇಳಿ ಅವನು ಟೀ ಲೋಟಕ್ಕೆ ಕೈ ಚಾಚುತ್ತಿದ್ದ.

ಮಾಲೀಕರ ಹೆಂಡತಿಯ ತಮ್ಮ ಮಹದೇವ್. ಅವನಿಗಿದ್ದದ್ದು ಕಾರು ಓಡಿಸುವ ಲೈಸೆನ್ಸ್. ಒಂದು ಮಧ್ಯಾಹ್ನ ಅವನು ಲಾರಿ ತೆಗೆದುಕೊಂಡು ಹೋಗಿ ಕೆಂಗೇರಿ ಹತ್ತಿರ ಒಂದು ಸ್ಕೂಟರಿಗೆ ಗುದ್ದಿದ. ಸ್ಕೂಟರಿನಲ್ಲಿದ್ದವನ ಕಾಲು ಎರಡು ಕಡೆ ಮುರಿಯಿತು. ಲಾರಿಯವರಲ್ಲಿ ಇದಕ್ಕೊಂದು ಪದ್ಧತಿ ಇದೆ. ಓಡಿಸಿದವನಿಗೆ ಸರಿಯಾದ ಲೈಸೆನ್ಸ್ ಇಲ್ಲದಿದ್ದರೆ ಇನ್ಶೂರೆನ್ಸಿನವರು ತಕರಾರು ತೆಗೆಯುತ್ತಾರೆ, ಪೆಟ್ಟು ತಿಂದವರಿಗೆ ದುಡ್ಡು ಸಿಗುವುದು ಕಷ್ಟ. ಆದ್ದರಿಂದ ಲೈಸೆನ್ಸ್ ಚೊಕ್ಕಟ ಇರುವ ಡ್ರೈವರ್ ಒಬ್ಬ ಸ್ಟೇಷನ್ನಿಗೆ ಹೋಗಿ, ಓಡಿಸಿದ್ದು ನಾನೇ ಎಂದು ಸಹಿ ಹಾಕುತ್ತಾನೆ. ಆಮೇಲೆ ಕೋರ್ಟಿನಲ್ಲಿ ತಪ್ಪು ಒಪ್ಪಿಕೊಳ್ಳುತ್ತಾನೆ. ಫೈನ್ ಮಾಲೀಕರದು, ಹೆಸರು ಅವನದು.

“ನಿನ್ನ ಲೈಸೆನ್ಸಲ್ಲಿ ಒಂದು ಗೀರೂ ಇಲ್ಲ ಅಂಜಿನಯ್ಯ. ಒಂದು ಸಲ ಆದ್ರೆ ಏನಾಗುತ್ತೆ?” ಎಂದರು ಮಾಲೀಕರು.

“ಆ ಕಾಲು ಮುರಿದ ಹುಡುಗನ ಮನೇಲಿ ದುಡಿಯೋರು ಯಾರಿದಾರೆ ಸಾರ್?” ಎಂದು ಅಂಜಿನಯ್ಯ ಕೇಳಿದ. ಅವನೊಬ್ಬನೇ ಎಂದು ತಿಳಿದ ಮೇಲೆ ಸ್ಟೇಷನ್ನಿಗೆ ಹೋದ.

ಎರಡನೇ ಸಲವೂ ಮಹದೇವನೇ, ಉಲ್ಲಾಳದಲ್ಲಿ. ನಡೆದು ಹೋಗುತ್ತಿದ್ದ ಹೆಂಗಸಿನ ಸೊಂಟ ಹೋಯಿತು. ಮೂರನೇ ಸಲ ಅವನ ಕೈಗೆ ಲಾರಿಯ ಲೈಸೆನ್ಸ್ ಬಂದಿತ್ತು, ಆದರೆ ಕುಡಿದಿದ್ದ. ಒಬ್ಬ ಆಟೋದವನಿಗೆ ತಲೆಗೆ ಪೆಟ್ಟಾಯಿತು. ಮೂರು ಸಲವೂ ಅಂಜಿನಯ್ಯ ಅದೇ ಪ್ರಶ್ನೆ ಕೇಳಿದ, ಅದೇ ರೀತಿ ಹೋಗಿ ಸಹಿ ಹಾಕಿದ. ಗೇಟಿನ ಪುಸ್ತಕದಲ್ಲಿ ಮೂರು ದಿನವೂ ನಾನು ಬರೆದದ್ದು ಮಹದೇವ್ ಎಂದು.

ಹೋದ ವರ್ಷ ಐದು ಲಾರಿಗಳ ಇನ್ಶೂರೆನ್ಸ್ ವಿಪರೀತ ಏರಿತು. ಸಿದ್ಧಾರ್ಥ ಎಂಬ ಏಜೆಂಟ್ ಲ್ಯಾಪ್‌ಟಾಪ್ ಹಿಡಿದು ಬಂದ. ರೆಕಾರ್ಡ್ ಸರಿ ಮಾಡಿಸಿದರೆ ಕಡಿಮೆ ದರಕ್ಕೆ ಬೇರೆ ಕಂಪನಿಯವರು ಒಪ್ಪುತ್ತಾರೆ ಎಂದ. ಅವನು ಕೆಟ್ಟವನಲ್ಲ. ಎಂದೋ ಮಾರಿದ ಲಾರಿಯೊಂದು ಇನ್ನೂ ನಮ್ಮ ಹೆಸರಿನಲ್ಲೇ ಇತ್ತು, ಅದರ ಕೇಸುಗಳೆಲ್ಲ ನಮ್ಮ ತಲೆಗೆ ಬರುತ್ತಿದ್ದವು. ಅದನ್ನು ತೆಗೆಸಿದ. ಕಟ್ಟಿದ ದಂಡಗಳು ಕಟ್ಟಿಲ್ಲ ಎಂದು ತೋರಿಸುತ್ತಿದ್ದವು, ರಸೀತಿ ಹುಡುಕಿ ಸರಿ ಮಾಡಿಸಿದ. ಕೊನೆಗೆ ಡ್ರೈವರುಗಳ ಪಟ್ಟಿಗೆ ಬಂದ.

“ಸಾರ್, ಈ ಅಂಜಿನಯ್ಯ ಯಾರು? ಆರು ವರ್ಷದಲ್ಲಿ ಮೂರು ಆಕ್ಸಿಡೆಂಟು. ನಿಮ್ಮ ರೇಟು ಏರಿರೋದೇ ಇವರಿಂದ.”

ಮಾಲೀಕರು ನನ್ನ ಕಡೆ ನೋಡಿದರು. ನಾನು ಲೋಟ ತೊಳೆಯುತ್ತಿದ್ದೆ.

“ಇವರನ್ನ ಪಟ್ಟಿಯಿಂದ ತೆಗೀರಿ ಸಾರ್. ಗೇಟ್ ಬುಕ್ಕಿನ ಕಾಪಿನೂ ಕೊಡಿ, ಕಂಪನಿಯೋರು ತಾಳೆ ನೋಡ್ತಾರೆ,” ಎಂದ ಸಿದ್ಧಾರ್ಥ.

ಆ ಸಂಜೆಯೇ ಮಾಲೀಕರು ಅಂಜಿನಯ್ಯನಿಗೆ ಕೆಲಸ ಬಿಡಬೇಕೆಂದು ಹೇಳಿದರು. ಅವರ ಮಾತು ಮೆತ್ತಗಿತ್ತು. ಒಂದು ತಿಂಗಳ ಸಂಬಳ ಹೆಚ್ಚಿಗೆ ಕೊಡುತ್ತೇನೆ ಎಂದರು, ಎಲ್ಲ ಸರಿಹೋದ ಮೇಲೆ ನೋಡೋಣ ಎಂದರು. ಅಂಜಿನಯ್ಯ ಲಾರಿಯೊಳಗಿನ ತನ್ನ ಟವೆಲ್, ಬಾಟಲಿ, ದೇವರ ಪಟ ತೆಗೆದುಕೊಂಡು ಗೇಟಿಗೆ ಬಂದ.

“ಪುಸ್ತಕ ನನ್ನ ಹತ್ರ ಇದೆ. ಆ ಏಜೆಂಟಿಗೆ ತೋರಿಸ್ತೀನಿ,” ಎಂದೆ.

“ತೋರಿಸಿದ್ರೆ ಮೊದಲು ಜೈಲಿಗೆ ಹೋಗೋನು ನಾನೇ ಅಕ್ಕ. ಕೋರ್ಟಲ್ಲಿ ಸುಳ್ಳು ಹೇಳಿದ್ದು ನಾನಲ್ವಾ? ಆ ಕಾಲು ಮುರಿದ ಹುಡುಗನಿಗೆ ಬಂದ ದುಡ್ಡನ್ನೂ ವಾಪಸ್ ಕೇಳಬಹುದು. ಸುಮ್ಮನಿರಿ.”

“ಇಪ್ಪತ್ತೆಂಟು ವರ್ಷ ಕಣಪ್ಪ.”

“ಎತ್ತಿಗೆ ವಯಸ್ಸಾದ್ರೆ ಏನ್ಮಾಡ್ತಾರೆ ಗೊತ್ತಲ್ಲ,” ಎಂದು ಹೊರಟ.

ಮರುದಿನ ಮಾಲೀಕರು ಒಂದು ಹೊಸ ಪುಸ್ತಕ ತಂದು ನನ್ನ ಮುಂದಿಟ್ಟರು. ಹಳೆಯದನ್ನು ನೋಡಿ ಆರು ವರ್ಷದ್ದನ್ನೂ ಇಳಿಸಬೇಕು, ಮೂರು ದಿನದ ಹೆಸರು ಮಾತ್ರ ಬೇರೆ. ಸಾಧ್ಯವಿಲ್ಲ ಎನ್ನಬಹುದಿತ್ತು. ಎಂದಿದ್ದರೆ ಶೆಡ್ಡಿನ ಹಿಂದಿನ ಕೋಣೆ ಬಿಡಬೇಕಿತ್ತು. ನಾನು ಹತ್ತೊಂಬತ್ತು ದಿನ ಕೂತು ಬರೆದೆ. ಒಂದೇ ದಿನ ಬರೆದ ಹಾಗೆ ಕಾಣಬಾರದೆಂದು ನಾಲ್ಕು ಪೆನ್ನು ಬದಲಾಯಿಸಿದೆ. ಆ ಮೂರು ಸಾಲಿನಲ್ಲಿ ಮಹದೇವ್ ಎಂದಿದ್ದಲ್ಲಿ ಅಂಜಿನಯ್ಯ ಎಂದು ಬರೆದೆ. ಹಳೆಯ ಪುಸ್ತಕವನ್ನು ಮಾಲೀಕರು ನನ್ನ ಟೀ ಒಲೆಯ ಬೆಂಕಿಯಲ್ಲೇ ಸುಟ್ಟರು. ಇನ್ಶೂರೆನ್ಸ್ ಇಳಿಯಿತು. ಅಂಜಿನಯ್ಯನ ಲಾರಿ ಮಹದೇವನ ಕೈಗೆ ಹೋಯಿತು.

ಅಂಜಿನಯ್ಯ ಬೇರೆ ಮೂರು ಕಡೆ ಕೆಲಸ ಕೇಳಿದ. ಈಗ ಎಲ್ಲರೂ ಹಳೆಯದನ್ನು ವಿಚಾರಿಸುತ್ತಾರೆ. ಕೊನೆಗೆ ಅನ್ನಪೂರ್ಣೇಶ್ವರಿ ನಗರದ ಒಂದು ಅಪಾರ್ಟ್‌ಮೆಂಟಿನಲ್ಲಿ ಸೆಕ್ಯುರಿಟಿ ಕೆಲಸಕ್ಕೆ ಸೇರಿದ. ಅಲ್ಲಿ ಕಾರು ಹಿಂದೆ ತೆಗೆಯುವವರಿಗೆ ಸೀಟಿ ಊದುತ್ತಾನೆ.

ಈ ಆಷಾಢದಲ್ಲಿ ಮಹದೇವ್ ಮತ್ತೆ ಕುಡಿದು ಗುದ್ದಿದ. ಲಾರಿಯ ಮುಂಭಾಗ ಪೂರ್ತಿ ಜಜ್ಜಿ ಹೋಯಿತು, ಎದುರಿನ ಗೋಡೌನಿನ ಕಾಂಪೌಂಡು ಬಿತ್ತು. ಮಾಲೀಕರು ಫೋನ್ ಮಾಡಿದರೆ ಅಂಜಿನಯ್ಯ ಎತ್ತಲಿಲ್ಲ. ನನ್ನನ್ನು ಆಟೋದಲ್ಲಿ ಕಳಿಸಿದರು. “ಈ ಸಲಾನೂ ಬಂದು ಸಹಿ ಹಾಕಲಿ, ಹಳೇ ತಾರೀಖಿಗೆ ಕೆಲಸಕ್ಕೆ ತಗೊಂಡ ಹಾಗೆ ಕಾಗದ ಮಾಡ್ತೀನಿ, ಆಮೇಲೆ ಖಾಯಂ ಆಗೇ ಇರಲಿ ಅನ್ನಿ,” ಎಂದರು.

ನಾನು ಹೋಗಿ ಅಷ್ಟನ್ನೂ ಹೇಳಿದೆ. ಅವನ ಯೂನಿಫಾರ್ಮ್ ಭುಜದಲ್ಲಿ ದೊಡ್ಡದಾಗಿತ್ತು. ಲಾರಿ ಮತ್ತೆ ಕೈಗೆ ಬರುತ್ತದೆ ಎಂದಾಗ ಮುಖ ಎತ್ತಿದ.

“ಯಾರಿಗೆ ಏಟಾಯ್ತಕ್ಕ?”

“ಯಾರಿಗೂ ಇಲ್ಲ. ಗೋಡೌನಿನ ಕಾಂಪೌಂಡು ಬಿತ್ತು, ಅಷ್ಟೇ.”

“ಹಾಗಾದ್ರೆ ಬರಲ್ಲ ಅನ್ನಿ.”

ಒಳಗಿನಿಂದ ಯಾರದೋ ಕಾರು ಬಂತು. ಅವನು ಎದ್ದು ಗೇಟು ತೆಗೆಯಲು ಹೋದ.

ವಾಪಸ್ ಬಂದು ನಡೆದದ್ದನ್ನು ಮಾಲೀಕರಿಗೆ ಹೇಳಿದೆ.

“ಕಾಂಪೌಂಡು ಅಂತ ಯಾಕಮ್ಮ ಹೇಳಿದ್ರಿ? ಯಾರದೋ ಕಾಲು ಮುರಿದಿದೆ ಅಂದಿದ್ರೆ ಬರ್ತಿದ್ದ,” ಎಂದರು.